ಗ್ಯಾರೇಜಿನ ಬೋರ್ಡಿಗೆ ಬೇಕು: 'ಅಪ್ರೆಂಟಿಸ್'ಗೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಕಾರವಾರದಲ್ಲಿ ನಮ್ಮ ಭಾವನ ಟಿಂಕರಿಂಗ್, ಪೇಂಟಿಂಗ್ ಗ್ಯಾರೇಜಿದೆ. ಕೆಲಸ ಕಲಿಯಲು ಇಬ್ಬರನ್ನು ಸೇರಿಸಿಕೊಳ್ಳಬೇಕು ಅಂತಿದ್ದಾರೆ. ಬೋರ್ಡು ಬರೆಯುವವರಿಗೆ ನಾಳೆ ಸಂಜೆಯೊಳಗೆ ಸಾಲು ಕೊಡಬೇಕು. 'ಶಿಶಿಕ್ಷುಗಳು ಬೇಕಾಗಿದ್ದಾರೆ' ಎಂದು ಬರೆದು ತೋರಿಸಿದೆ. ಭಾವ ಎರಡು ಸಲ ಓದಿದರು, ಎರಡೂ ಸಲ 'ಶಿಶು' ಎಂದೇ ಓದಿದರು. 'ಹೆಲ್ಪರ್' ಅಂದರೆ ಕಲಿಸುತ್ತೇವೆ ಅನ್ನೋದು ಗೊತ್ತಾಗುವುದಿಲ್ಲ. ಕಲಿಸುವವರಿಗೂ ಒಂದು ಪದ ಬೇಕು. ಬೇಗ ತಿಳಿಸಿ.

ಕಾರವಾರದಿಂದ

----

ಶಿಶಿಕ್ಷು ಬಿಡಿ. ಸಂಸ್ಕೃತದ 'ಶಿಕ್ಷ್' (ಕಲಿ) ಧಾತು ಹುಟ್ಟಿದ್ದೇ 'ಶಕ್'ನ (ಶಕ್ತನಾಗು) ಸನ್ನಂತವಾಗಿ, ಅಂದರೆ ಬಯಕೆ ಹೇಳುವ 'ಸನ್' ಪ್ರತ್ಯಯ ಹಚ್ಚಿದ ರೂಪವಾಗಿ. ಅದಕ್ಕೆ ಮತ್ತೆ ಸನ್ ಹಚ್ಚಿದರೆ ಬಯಕೆಯ ಮೇಲೊಂದು ಬಯಕೆ. ಒಂದೇ ಸನ್ ಇರುವ ಜಿಜ್ಞಾಸು, ಮುಮುಕ್ಷು ಸರಿ, ಇದು ಬೇಡ. 'ಕಲಿಯಾಳು' ಎನ್ನಿ. ಕಲಿಸುವವನು 'ಕಲಿಸುಗ'. ಯಾರಾದರೂ 'ಮೇಸ್ತ್ರಿ' ಅನ್ನುವ ಮೊದಲೇ ಹೇಳುತ್ತೇನೆ, ಅದು ಪೋರ್ಚುಗೀಸ್ ಪದ. ಕನ್ನಡದ ಬೋರ್ಡಿಗೆ ಬೇಡ.

ಶಿರಸಿಯಿಂದ

----

ಮೇಸ್ತ್ರಿಯನ್ನು ಓಡಿಸುವ ಮಾತನ್ನು ನಾನು ಒಪ್ಪುವುದಿಲ್ಲ. ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದಿದೆ, ನಿಜ. ಚಾವಿ, ಇಸ್ತ್ರಿ, ಪಗಾರ ಎಲ್ಲವೂ ಹಾಗೇ ಬಂದವು. ಅವನ್ನೂ ಹೊರಗೆ ಹಾಕೋಣವೇ? ಕಾಳಿ ಹೊಳೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ. ಜನ ದಾಟುವ ಕಡೆ ಮಾತೂ ದಾಟುತ್ತದೆ.

ಪಿಯುಸಿ ಆದಮೇಲೆ ಎರಡು ವರ್ಷ ನಾನು ಕುಮಟೆಯ ಒಂದು ಗ್ಯಾರೇಜಿನಲ್ಲಿದ್ದೆ. ಮೊದಲ ಆರು ತಿಂಗಳು ಎಮರಿ ಪೇಪರ್ ನೀರಲ್ಲಿ ಅದ್ದಿ ಪುಟ್ಟಿ ಉಜ್ಜಿದ್ದೇ ಕೆಲಸ. ಒಂದು ದಿನ ಮೇಸ್ತ್ರಿ ಕಣ್ಣು ಮುಚ್ಚಲು ಹೇಳಿದರು. ನನ್ನ ಅಂಗೈ ಹಿಡಿದು ಕಾರಿನ ಬಾಗಿಲ ಮೇಲೆ ನಿಧಾನ ಸರಿಸಿದರು. 'ಎಲ್ಲಿ ತಗ್ಗು ಹೇಳು' ಅಂದರು. ಕಣ್ಣಿಗೆ ಕಾಣದ ತಗ್ಗು ಕೈಗೆ ಸಿಕ್ಕಿತು. ಆಮೇಲೆಯೇ ಡಾಲಿಯನ್ನು (ಆನಿಕೆಗೆ ಹಿಡಿಯುವ ಕಬ್ಬಿಣದ ಗಟ್ಟಿ) ಒಳಗಿಂದ ಒತ್ತಿ ಹಿಡಿದು ಹೊರಗಿಂದ ಸುತ್ತಿಗೆ ಹಾಕಲು ಬಿಟ್ಟರು. ಉಪ್ಪು ಗಾಳಿಗೆ ನಮ್ಮ ಕಡೆ ಬಾಗಿಲಿನ ಅಡಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಪೂರ್ತಿ ತೆಗೆಯದೆ ಸುಮ್ನೆ ಪುಟ್ಟಿ ಮೆತ್ತಿದರೆ ಒಂದೇ ಮಳೆಗಾಲಕ್ಕೆ ಬಣ್ಣ ಉಬ್ಬುತ್ತದೆ. ಇದನ್ನೆಲ್ಲ ಕಲಿಸಿದವರನ್ನು 'ಕಲಿಸುಗ' ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇದಕ್ಕೆ ಕನ್ನಡದಲ್ಲಿ ಆಗಲೇ ಮಾತಿದೆ. ಕೈ ಪಳಗಬೇಕು ಅನ್ನುತ್ತೇವೆ. ಇಂಥವರ ಗರಡಿಯಲ್ಲಿ ಪಳಗಿದವನು ಅನ್ನುತ್ತೇವೆ. ಯಕ್ಷಗಾನ ಮೇಳದಲ್ಲಿ ಹೊಸಬರು ಕೋಡಂಗಿ, ಬಾಲಗೋಪಾಲ ವೇಷದಿಂದ ಶುರು ಮಾಡುತ್ತಾರೆ. ಆ ಹುಡುಗರನ್ನು ಕರೆಯಲು ಆ ವೇಷದ ಹೆಸರೇ ಸಾಕಾಗುತ್ತದೆ. ನಮ್ಮ ಜನ ಹೆಸರಿಟ್ಟಿದ್ದು ಮಾಡುವ ಕೆಲಸಕ್ಕೆ, ದರ್ಜೆಗಲ್ಲ. ಅದಕ್ಕೇ ನನ್ನ ಸಾಲು ಹೀಗೆ:

'ಟಿಂಕರಿಂಗ್, ಪೇಂಟಿಂಗ್ ಕಲಿಯುವವರು ಬೇಕಾಗಿದ್ದಾರೆ. ಮೇಸ್ತ್ರಿ ಕಲಿಸುತ್ತಾರೆ. ಪಗಾರ ಇದೆ.'

ಮರಾಠಿಯಲ್ಲಿ 'ಉಮೇದವಾರಿ' ಅಂದರೆ ಕೆಲಸ ಕಲಿಯುವುದು ಎಂದೂ ಆಗುತ್ತದೆ. ಆದರೆ ನಮ್ಮಲ್ಲಿ ಉಮೇದುವಾರ ಅಂದರೆ ಚುನಾವಣೆಗೆ ನಿಂತವನು. ಹಾಗಾಗಿ ಅದು ಆಗುವುದಿಲ್ಲ.

ಒಂದು ಮಾತು, ಕಾರವಾರದವರೇ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಲಿಯಲು ಬರುವವರನ್ನು ನೋಂದಾಯಿಸುವುದಾದರೆ ಆ ಕಾಗದದಲ್ಲಿ 'ಶಿಶಿಕ್ಷು' ಇರಲಿ. ಅಲ್ಲಿ ಆ ಪದಕ್ಕೆ ಒಪ್ಪಂದ, ಸ್ಟೈಪೆಂಡ್ ಎಲ್ಲ ಅಂಟಿಕೊಂಡಿದೆ. ಹೆಲ್ಪರ್ ಎಂದು ಬರೆದರೆ ಕಲಿಸಬೇಕಾದ ಹೊಣೆಯೇ ಕಾಣುವುದಿಲ್ಲ. ಮೂರು ವರ್ಷ ಬರೀ ಕಸ ಗುಡಿಸಿ ಹೋದ ಹುಡುಗರನ್ನು ನಾನು ನೋಡಿದ್ದೇನೆ.

ಕುಮಟೆಯಿಂದ

----

'ಕಲಿಯುವವರು' ಪದವಲ್ಲ, ವಾಕ್ಯದ ತುಂಡು. ಇನ್ನು ಟಿಂಕರಿಂಗ್? ಅದೂ ಕನ್ನಡವೇ? ಹೀಗೆ ಬಿಡುತ್ತಾ ಹೋದರೆ ಕೊನೆಗೆ ಪ್ರತ್ಯಯ ಮಾತ್ರ ನಮ್ಮದಾಗಿ ಉಳಿಯುತ್ತದೆ.

ಶಿರಸಿಯಿಂದ

----

'ಮಾಡುವವನು' ಕೃದಂತನಾಮ, ಅಂದರೆ ಕ್ರಿಯಾಪದದಿಂದ ಹುಟ್ಟಿದ ನಾಮಪದ. 'ಕಲಿಯುವವರು' ಕೂಡ ಅದೇ. ನಾಮಪದ ಅಲ್ಲ ಎಂದು ಯಾವ ವ್ಯಾಕರಣ ಹೇಳುತ್ತದೆ? ಟಿಂಕರಿಂಗ್ ತೆಗೆದು 'ತಗಡು ತಿದ್ದುವಿಕೆ' ಎಂದು ಬರೆದರೆ ಗಾಡಿ ತರುವವರು ಮುಂದಿನ ಗ್ಯಾರೇಜಿಗೆ ಹೋಗುತ್ತಾರೆ.

ಕುಮಟೆಯಿಂದ

----

ಇಬ್ಬರಿಗೂ ಧನ್ಯವಾದ. ಕುಮಟೆಯವರ ಸಾಲನ್ನೇ ಕೊಟ್ಟು ಬಂದೆ. ಭಾವ 'ಕಲಿಯುವ ಹುಡುಗರು' ಅಂತ ಮಾಡು ಅಂದಿದ್ದರು. ಬೆಳಿಗ್ಗೆ ಐಟಿಐ ಮುಗಿಸಿದ ಒಬ್ಬಳು ಕೆಲಸ ಕೇಳಿಕೊಂಡು ಬಂದಳು. 'ಕಲಿಯುವವರು' ಅಂತಲೇ ಇರಲಿ ಅಂದರು.

ಕಾರವಾರದಿಂದ