ಸಹಾಯ ಬೇಕು: ಕ್ರಿಸ್‌ಮಸ್ ಖರ್ಚಿನ ಹಣ ಪರೇಲ್‌ನ ರೋಗಿಗಳಿಗೆ ತಲುಪಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಂಬೈಯ ನಮ್ಮ ಚಿಕ್ಕ ಕನ್ನಡ ಕ್ರೈಸ್ತ ಸಭೆಯಲ್ಲಿ ಈ ಸಲ ದೊಡ್ಡವರ ಉಡುಗೊರೆ ಬೇಡ, ಸ್ಟೇಜು, ಸೌಂಡು, ಬಿರಿಯಾನಿ ಎಲ್ಲ ಕಡಿಮೆ ಮಾಡಿ ಉಳಿದ ಹಣವನ್ನು ಪರೇಲ್‌ನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಬರುವ ಬಡವರಿಗೆ ಕೊಡೋಣ ಅಂತ ಮಾತಾಗಿದೆ. ನಮ್ಮ ಕಲಬುರಗಿ, ಬೀದರ್ ಕಡೆಯವರೂ ಬರುತ್ತಾರೆ. ಕೋಣೆ ಸಿಗದೆ ಫುಟ್‌ಪಾತ್ ಮೇಲೆ ಮಲಗಿದವರನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಅಮೆರಿಕದಲ್ಲಿ 2006ರಲ್ಲಿ ಕೆಲವು ಪಾಸ್ಟರ್‌ಗಳು 'ಅಡ್ವೆಂಟ್ ಕಾನ್ಸ್‌ಪಿರಸಿ' ಅಂತ ಶುರು ಮಾಡಿ ಉಡುಗೊರೆ ಹಣವನ್ನು ಕುಡಿಯುವ ನೀರಿನ ಕೆಲಸಕ್ಕೆ ತಿರುಗಿಸಿದ್ದರು. ಐಡಿಯಾ ಅಲ್ಲಿಂದ ಬಂದಿದ್ದು. ಮಕ್ಕಳ ಗಿಫ್ಟಿಗೆ ಮಾತ್ರ ನಾವು ಕೈ ಹಾಕಲ್ಲ, ಹಾಕಿದರೆ ಜಗಳ ಗ್ಯಾರಂಟಿ.

ಈಗ ತಲೆನೋವು ಇಷ್ಟೇ. ನೇರವಾಗಿ ರೋಗಿಯ ಮನೆಯವರ ಕೈಗೆ ಕೊಡಬೇಕಾ, ಆಸ್ಪತ್ರೆಯ ಸಮಾಜ ಸೇವಾ ವಿಭಾಗದ ಮೂಲಕ ಕೊಡಬೇಕಾ? ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ, ಯಾರಿಗೆ ನಿಜವಾಗಿ ಕಷ್ಟ ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಕೆಲವರಿಗೆ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯೋಕೆ 80ಜಿ ರಸೀದಿ ಬೇಕು. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಮೊದಲೇ ಇಲ್ಲ. ಎಲ್ಲರದ್ದೂ ಕಾಣಿಕೆ ಡಬ್ಬಿಗೆ ಹಾಕಿ ಒಂದೇ ಚೆಕ್ ಕೊಟ್ಟರೆ ರಸೀದಿ ಯಾರ ಹೆಸರಿಗೆ?

ಯಾರಾದರೂ ಹೀಗೆ ಮಾಡಿದ್ದರೆ ದಯವಿಟ್ಟು ಹೇಳಿ. ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮೊದಲೇ ಅಡ್ವೆಂಟ್ (ಹಬ್ಬಕ್ಕೆ ಸಿದ್ಧವಾಗುವ ಕಾಲ) ಶುರು, ಅಷ್ಟರೊಳಗೆ ಸಭೆಯವರಿಗೆ ಕಾಣಿಕೆ ಲಕೋಟೆ ಹಂಚಬೇಕು. ರೋಗಿಗಳ ಜೊತೆ ಹೋಗಿ ಹಿಂದಿ, ಮರಾಠಿ ಮಾತಾಡಿ ಕೊಡುವವರು ಇದ್ದರೆ ಅವರೂ ಬೇಕು.