ಟ್ರಯಾಂಗಲ್ ಕಾರ್ಖಾನೆಯ ಬೆಂಕಿ: ಈ ಒಂದು ಅನಾಹುತದಿಂದಲೇ ಅಷ್ಟು ಕಾನೂನು ಬಂದದ್ದು ಹೇಗೆ?

ಶಿರಾ_ಹುಡುಗ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಎಂ.ಎ. ಇತಿಹಾಸ ಓದ್ತಿದ್ದೀನಿ. ಅಮೆರಿಕದ ಪ್ರಗತಿಪರ ಯುಗದ (ಸುಮಾರು 1890ರಿಂದ 1920ರ ತನಕದ ಸುಧಾರಣೆಯ ಕಾಲ) ಬಗ್ಗೆ ಸೆಮಿನಾರ್ ಕೊಡಬೇಕು. ನೋಟ್ಸ್‌ನಲ್ಲಿ ಇರೋದು ಇಷ್ಟೇ: ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ದೊಡ್ಡ ಟ್ರಸ್ಟ್‌ಗಳ (ಮಾರುಕಟ್ಟೆ ಹಿಡಿದಿಟ್ಟ ಕಂಪನಿ ಕೂಟಗಳ) ಮೇಲೆ ಕೇಸು ಹಾಕಿದ, ಅಧ್ಯಕ್ಷ ವಿಲ್ಸನ್ ಬ್ಯಾಂಕ್ ವ್ಯವಸ್ಥೆ ಸುಧಾರಿಸಿದ, 1920ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿತು. ನಡುವೆ ಒಂದು ಸಾಲು, 1911ರ ಟ್ರಯಾಂಗಲ್ ಕಾರ್ಖಾನೆಯ ಬೆಂಕಿಯಿಂದ ನ್ಯೂಯಾರ್ಕ್‌ನಲ್ಲಿ ಕಾರ್ಮಿಕ ಕಾನೂನುಗಳು ಬಂದವು ಅಂತ.

ನನ್ನ ತಲೆ ತಿಂತಿರೋದು ಆ ಸಾಲೇ. 1904ರಲ್ಲಿ ಅದೇ ನ್ಯೂಯಾರ್ಕ್‌ನಲ್ಲಿ ಜನರಲ್ ಸ್ಲೋಕಮ್ ಅನ್ನೋ ಹಡಗಿಗೆ ಬೆಂಕಿ ಬಿದ್ದು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. 1910ರ ನವೆಂಬರ್‌ನಲ್ಲಿ ಹತ್ತಿರದ ನ್ಯೂವರ್ಕ್ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಸತ್ತಿದ್ದರು. ಅದಾಗಿ ನಾಲ್ಕು ತಿಂಗಳಿಗೆ ಟ್ರಯಾಂಗಲ್. ಕಾರ್ಖಾನೆ ಕಾನೂನಿನ ಅಲೆ ಎದ್ದದ್ದು ಮೂರನೆಯದರಿಂದ ಮಾತ್ರ ಯಾಕೆ? ಬಲ್ಲವರು ದಯವಿಟ್ಟು ತಿಳಿಸಿ.

ಹೊಲಿಗೆಯಕ್ಕ

ತಮ್ಮ, ನಾನು ಕಾಲೇಜಿನಲ್ಲಿ ಇತಿಹಾಸ ಓದಿದವಳಲ್ಲ. ಮದ್ದೂರು ಕಡೆಯಿಂದ ಬಂದು ಬೆಂಗಳೂರಿನ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಹೆಲ್ಪರ್ ಆಗಿ ಸೇರಿದೆ, ಆಮೇಲೆ ಟೈಲರ್ ಆಗಿ ಶರ್ಟಿಗೆ ಕಾಲರ್ ಕೂರಿಸ್ತಿದ್ದೆ. ಈಗ ಸಂಘದ ಕೆಲಸ. ಮಾರ್ಚ್ ಬಂದರೆ ನಮ್ಮ ಹುಡುಗಿಯರನ್ನ ಕೂರಿಸಿಕೊಂಡು ಟ್ರಯಾಂಗಲ್ ಕಥೆ ಹೇಳ್ತೀನಿ. ಅದಕ್ಕೆ ಬೇಕು ಅಂತಲೇ ಸಿಕ್ಕಿದ್ದನ್ನೆಲ್ಲ ಓದಿಕೊಂಡಿದ್ದೀನಿ.

ಮೊದಲು ಆ ಜಾಗ ನಿನ್ನ ಕಣ್ಣಿಗೆ ಕಟ್ಟಬೇಕು. ನ್ಯೂಯಾರ್ಕ್‌ನ ವಾಷಿಂಗ್ಟನ್ ಪ್ಲೇಸ್ ಮತ್ತು ಗ್ರೀನ್ ಬೀದಿ ಸೇರೋ ಮೂಲೇಲಿ ಹತ್ತು ಮಹಡಿಯ ಕಟ್ಟಡ. ಮೇಲಿನ ಮೂರು ಮಹಡಿ ಟ್ರಯಾಂಗಲ್ ಕಂಪನಿಯದು. ಹೆಂಗಸರು ಹಾಕೋ ಬ್ಲೌಸ್ ಹೊಲಿಯೋ ಕೆಲಸ. ಎಂಟರಲ್ಲಿ ಕಟಿಂಗ್, ಒಂಬತ್ತರಲ್ಲಿ ಉದ್ದುದ್ದ ಮೇಜಿನ ಮೇಲೆ ಸಾಲು ಮಷೀನು, ಹತ್ತರಲ್ಲಿ ಆಫೀಸು. ಕೆಲಸದವರು ಹೆಚ್ಚಿನಂಶ ರಷ್ಯಾ ಕಡೆಯಿಂದ ಬಂದ ಯಹೂದಿ ಹುಡುಗಿಯರು, ಇಟಲಿಯ ಹುಡುಗಿಯರು. 1911ರ ಮಾರ್ಚ್ 25, ಶನಿವಾರ, ಕೆಲಸ ಬಿಡೋ ಹೊತ್ತು. ಎಂಟನೇ ಮಹಡೀಲಿ ಕಟಿಂಗ್ ಟೇಬಲ್ ಕೆಳಗಿನ ಚಿಂದಿಗೆ ಬೆಂಕಿ ಹತ್ತಿಕೊಂಡಿತು. ತೆಳು ಹತ್ತಿ ಬಟ್ಟೆ, ಮೇಲೆ ತೂಗುಹಾಕಿದ ಪೇಪರ್ ಪ್ಯಾಟರ್ನು. ಕಟಿಂಗ್ ಸೆಕ್ಷನ್ ನೋಡಿದವರಿಗೆ ಅದು ಎಷ್ಟು ಬೇಗ ಹಬ್ಬುತ್ತೆ ಅಂತ ಹೇಳಬೇಕಾಗಿಲ್ಲ.

ಎಂಟರಿಂದ ಹತ್ತಕ್ಕೆ ಫೋನ್ ಹೋಯ್ತು. ಅಲ್ಲಿದ್ದ ಮಾಲೀಕರಾದ ಮ್ಯಾಕ್ಸ್ ಬ್ಲಾಂಕ್, ಐಸಾಕ್ ಹ್ಯಾರಿಸ್ ತಾರಸಿ ಹತ್ತಿ ಪಕ್ಕದ ಕಟ್ಟಡಕ್ಕೆ ದಾಟಿಕೊಂಡರು. ಒಂಬತ್ತಕ್ಕೆ ಯಾರೂ ಹೇಳಲಿಲ್ಲ. ಸತ್ತವರಲ್ಲಿ ಬಹುಪಾಲು ಒಂಬತ್ತನೇ ಮಹಡಿಯವರೇ. ವಾಷಿಂಗ್ಟನ್ ಪ್ಲೇಸ್ ಕಡೆಯ ಬಾಗಿಲಿಗೆ ಬೀಗ. ಯಾಕೆ ಅಂದರೆ ಸಂಜೆ ಎಲ್ಲರೂ ಗ್ರೀನ್ ಬೀದಿ ಕಡೆಯ ಒಂದೇ ಬಾಗಿಲಿಂದ ಹೋಗಬೇಕು, ಅಲ್ಲಿ ಕಾವಲಿನವನು ಬ್ಯಾಗ್ ತೆಗೆಸಿ ನೋಡಬೇಕು, ಬ್ಲೌಸ್ ಕದ್ದಿದ್ದಾರಾ ಅಂತ. ನಮ್ಮ ಗೇಟಿನಲ್ಲೂ ಬ್ಯಾಗ್ ಚೆಕಿಂಗ್ ಇತ್ತು, ಹಾಗಾಗಿ ಈ ಭಾಗ ಹೇಳುವಾಗ ನಮ್ಮ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡ್ತಾರೆ. ಹೊರಗಿನ ಕಬ್ಬಿಣದ ಮೆಟ್ಟಿಲು ಭಾರಕ್ಕೆ ಕುಸಿದುಬಿತ್ತು. ಅಗ್ನಿಶಾಮಕದವರ ಏಣಿ ಆರನೇ ಮಹಡಿಗೇ ನಿಂತಿತು. ಜೋಸೆಫ್ ಜಿಟೋ, ಗಾಸ್ಪರ್ ಮೊರ್ಟಿಲಾರೋ ಅನ್ನೋ ಇಬ್ಬರು ಲಿಫ್ಟ್ ನಡೆಸೋರು ಬೆಂಕಿಯೊಳಗೇ ಮತ್ತೆ ಮತ್ತೆ ಮೇಲೆ ಹೋಗಿ ಆದಷ್ಟು ಜನರನ್ನ ಇಳಿಸಿದರು. ಸತ್ತವರು 146 ಜನ. ಅವರಲ್ಲಿ 123 ಜನ ಹೆಂಗಸರು.

ಈಗ ನಿನ್ನ ಪ್ರಶ್ನೆ. ಹಡಗಿನಲ್ಲಿ ಸತ್ತವರು ಚರ್ಚಿನಿಂದ ಪಿಕ್‌ನಿಕ್ ಹೊರಟಿದ್ದ ಸಂಸಾರಗಳು. ಟ್ರಯಾಂಗಲ್‌ನಲ್ಲಿ ಸತ್ತ ಹುಡುಗಿಯರ ಪರಿಚಯ ಊರಿಗೆ ಮೊದಲೇ ಆಗಿತ್ತು. ಒಂದೂವರೆ ವರ್ಷದ ಹಿಂದೆ ಇದೇ ಕಂಪನಿಯವರು ಬೀದಿಗೆ ಇಳಿದಿದ್ದರು.

1909ರ ನವೆಂಬರ್ 22, ಕೂಪರ್ ಯೂನಿಯನ್ ಅನ್ನೋ ಕಾಲೇಜಿನ ಸಭಾಂಗಣ. ಸ್ಯಾಮ್ಯುಯೆಲ್ ಗೊಂಪರ್ಸ್‌ನಂಥ ದೊಡ್ಡ ಕಾರ್ಮಿಕ ಮುಖಂಡರೆಲ್ಲ ಗಂಟೆಗಟ್ಟಲೆ ಭಾಷಣ ಮಾಡ್ತಿದ್ದರು, ತಾಳ್ಮೆಯಿಂದಿರಿ ಅಂತ. ಆಗ ಕ್ಲಾರಾ ಲೆಮ್ಲಿಚ್ ಅನ್ನೋ ಚಿಕ್ಕ ವಯಸ್ಸಿನ ಹೊಲಿಗೆಯವಳು ವೇದಿಕೆ ಹತ್ತಿ, ಯಹೂದಿಗಳ ಯಿಡ್ಡಿಷ್ ಭಾಷೇಲಿ, ಮಾತು ಕೇಳಿ ಸಾಕಾಗಿದೆ, ಎಲ್ಲ ಕಾರ್ಖಾನೆಯವರೂ ಮುಷ್ಕರ ಹೂಡೋಣ ಅಂದಳು. ಇಡೀ ಸಭೆ ಬಲಗೈ ಎತ್ತಿ ಪ್ರಮಾಣ ಮಾಡಿತು, ನಾನು ದ್ರೋಹ ಮಾಡಿದರೆ ಎತ್ತಿದ ಈ ಕೈ ಒಣಗಿಹೋಗಲಿ ಅಂತ. ಇಪ್ಪತ್ತು ಸಾವಿರಕ್ಕೂ ಮೇಲೆ ಜನ ಕೆಲಸ ಬಿಟ್ಟು ಬಂದರು. ಚಳಿಗಾಲ ಪೂರ್ತಿ ಪೊಲೀಸರ ಏಟು, ಜೈಲು, ದಂಡ. ಬ್ಯಾಂಕರ್ ಜೆ.ಪಿ. ಮಾರ್ಗನ್‌ನ ಮಗಳು ಆನ್ ಮಾರ್ಗನ್ ಕೂಡ ಅವರ ಪರ ನಿಂತಳು. ಎಷ್ಟೋ ಕಂಪನಿಗಳು ವಾರಕ್ಕೆ 52 ಗಂಟೆ ಕೆಲಸಕ್ಕೆ ಒಪ್ಪಿದವು. ಟ್ರಯಾಂಗಲ್ ಮಾತ್ರ ಕೂಲಿ ಸ್ವಲ್ಪ ಏರಿಸಿತೇ ಹೊರತು ಯೂನಿಯನ್ ಒಪ್ಪಲಿಲ್ಲ.

ಅಂದಮೇಲೆ ಬೆಂಕಿ ಬಿದ್ದಾಗ ಊರಿಗೆಲ್ಲ ಗೊತ್ತಿತ್ತು, ಇದು ಯಾವ ಕಂಪನಿ, ಆ ಹುಡುಗಿಯರು ಏನು ಕೇಳಿದ್ದರು, ಅವರಿಗೆ ಸಿಕ್ಕಿದ್ದೇನು ಅಂತ. ನನ್ನ ಮಟ್ಟಿಗೆ ನಿನ್ನ ಪ್ರಶ್ನೆಗೆ ಉತ್ತರ ಇದೇ. ಬೆಂಕಿ ಬೀಳೋಕೆ ಮೊದಲೇ ಅಲ್ಲಿ ಒಂದು ಸಂಘಟನೆ ಇತ್ತು. ಸತ್ತವರ ಪರ ಕೇಳೋಕೆ ಬದುಕಿದವರು ತಯಾರಾಗಿದ್ದರು. ಏಪ್ರಿಲ್ 2ಕ್ಕೆ ಮೆಟ್ರೊಪಾಲಿಟನ್ ಒಪೆರಾ ಹೌಸ್‌ನಲ್ಲಿ ಶ್ರೀಮಂತರೆಲ್ಲ ಸೇರಿದ ಸಭೆಯಲ್ಲಿ ರೋಸ್ ಶ್ನೈಡರ್‌ಮನ್ ಅನ್ನೋ ಟೋಪಿ ಹೊಲಿಯೋ ಹೆಂಗಸು ಎದ್ದು ನಿಂತು, ಇಲ್ಲಿ ಬಂದು ಸ್ನೇಹದ ಮಾತಾಡಿದರೆ ಸುಟ್ಟುಹೋದ ಆ ದೇಹಗಳಿಗೆ ನಾನು ದ್ರೋಹ ಮಾಡಿದ ಹಾಗೆ ಅಂದಳು. ಆ ಮಾತನ್ನ ಆಡೋ ಧೈರ್ಯ ಒಂದು ವಾರದಲ್ಲಿ ಬಂದದ್ದಲ್ಲ ತಮ್ಮ, ಅವಳು 1903ರಿಂದಲೇ ಯೂನಿಯನ್ ಕಟ್ಟಿದವಳು.

ಹಳೇ_ಮೇಷ್ಟ್ರು

ಅಕ್ಕನವರು ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ಸೆಮಿನಾರಿಗೆ ನ್ಯಾಯಾಲಯಗಳ ವಿಷಯವನ್ನೂ ಸೇರಿಸಿಕೊಳ್ಳಿ, ಅದಿಲ್ಲದೆ ಆ ಕಾಲ ಅರ್ಥವಾಗುವುದಿಲ್ಲ.

1905ರಲ್ಲಿ ಲಾಕ್ನರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೇಕರಿ ಕೆಲಸಗಾರರ ದುಡಿಮೆಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಮಿತಿಗೊಳಿಸಿದ್ದ ನ್ಯೂಯಾರ್ಕ್ ಕಾಯ್ದೆಯನ್ನು 5–4ರ ಬಹುಮತದಿಂದ ರದ್ದು ಮಾಡಿತು. ಮಾಲೀಕನಿಗೂ ಕೆಲಸಗಾರನಿಗೂ ತಮ್ಮಿಷ್ಟದಂತೆ ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯವಿದೆ ಎಂಬುದು ಆಧಾರ. 1908ರ ಮುಲ್ಲರ್ ಪ್ರಕರಣದಲ್ಲಿ ಹೆಂಗಸರ ದುಡಿಮೆಯ ಅವಧಿಗೆ ಮಿತಿ ಹಾಕಬಹುದು ಎಂದು ಅದೇ ಕೋರ್ಟು ಒಪ್ಪಿತು. ಆದ್ದರಿಂದಲೇ ಮುಂದಿನ ಎಷ್ಟೋ ಕಾನೂನು ಹೆಂಗಸರು ಮತ್ತು ಮಕ್ಕಳ ಹೆಸರಿನಲ್ಲಿ ಬಂದವು. ಮುಖ್ಯವಾಗಿ ತೆರೆದಿದ್ದ ಬಾಗಿಲು ಅದು.

ಇನ್ನೊಂದು ದಿನಾಂಕ ಬರೆದುಕೊಳ್ಳಿ. 1911ರ ಮಾರ್ಚ್ 24ರಂದು, ಬೆಂಕಿಯ ಹಿಂದಿನ ದಿನ, ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ ಐವ್ಸ್ ಪ್ರಕರಣದಲ್ಲಿ, ಕೆಲಸದಲ್ಲಿ ಗಾಯಗೊಂಡ ಕಾರ್ಮಿಕರಿಗೆ ಪರಿಹಾರ ಕೊಡಿಸುವ ಕಾಯ್ದೆಯನ್ನು ಸಂವಿಧಾನಬಾಹಿರವೆಂದು ಹೊಡೆದುಹಾಕಿತ್ತು. 1913ರಲ್ಲಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದ ಮೇಲೆ ಹೊಸ ಪರಿಹಾರ ಕಾಯ್ದೆ ಸಾಧ್ಯವಾಯಿತು.

ಆ ಯುಗದ ಕೊರತೆಯನ್ನೂ ಮರೆಯಬೇಡಿ. ಸುಧಾರಕರೆಂದು ಕರೆಸಿಕೊಂಡ ವಿಲ್ಸನ್ ಅವರ ಆಡಳಿತವೇ 1913ರಿಂದ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಪ್ಪು ಜನರನ್ನು ಬೇರೆ ಕೂರಿಸಿತು. ನನ್ನ ವಿದ್ಯಾರ್ಥಿಗಳು ಇದನ್ನು ಬಿಟ್ಟು ಬರೆದಾಗ ನಾನು ಅಂಕ ಕಳೆಯುತ್ತಿದ್ದೆ.

ಶಿರಾ_ಹುಡುಗ

ಅಕ್ಕ, ಮೇಷ್ಟ್ರೇ, ತುಂಬಾ ಧನ್ಯವಾದ. ಮಾರ್ಚ್ 24ರ ತೀರ್ಪು ನೋಡಿ ದಂಗಾದೆ. ಇನ್ನೆರಡು ಕೇಳ್ತೀನಿ. ಮಾಲೀಕರಿಗೆ ಶಿಕ್ಷೆ ಆಯ್ತಾ? ಸಂಘಟನೆ ಇತ್ತು ಸರಿ, ಆದರೆ ಬೀದಿಯ ಸಿಟ್ಟು ಶಾಸನಸಭೆಯೊಳಗೆ ಹೋಗಿದ್ದು ಹೇಗೆ? ನ್ಯೂಯಾರ್ಕ್ ರಾಜಕೀಯ ಆಗ ಟ್ಯಾಮನಿ ಹಾಲ್ ಕೈಯಲ್ಲಿತ್ತಲ್ಲ, ಲಂಚಕ್ಕೆ ಹೆಸರಾದ ಪಕ್ಷದ ಕೂಟ ಅದು.

ಹೊಲಿಗೆಯಕ್ಕ

ಶಿಕ್ಷೆ ಆಗಲಿಲ್ಲ. 1911ರ ಡಿಸೆಂಬರ್‌ನಲ್ಲಿ ಇಬ್ಬರೂ ಖುಲಾಸೆ. ಬಾಗಿಲಿಗೆ ಬೀಗ ಇದ್ದದ್ದು ಆ ಗಳಿಗೇಲಿ ಮಾಲೀಕರಿಗೆ ಗೊತ್ತಿತ್ತು ಅಂತ ಸಾಬೀತಾಗಬೇಕು ಅಂದರು ಜಡ್ಜು. ಕೇಟ್ ಆಲ್ಟರ್‌ಮನ್ ಅನ್ನೋ ಹುಡುಗಿ ತನ್ನ ಗೆಳತಿ ಹೇಗೆ ಸತ್ತಳು ಅಂತ ಸಾಕ್ಷಿ ಹೇಳಿದಾಗ, ಮಾಲೀಕರ ವಕೀಲ ಮ್ಯಾಕ್ಸ್ ಸ್ಟ್ಯೂಯರ್ ಅದನ್ನೇ ಮತ್ತೆ ಮತ್ತೆ ಹೇಳಿಸಿದ. ಅವೇ ಮಾತು ಬಂದವು. ನೋಡಿ, ಬಾಯಿಪಾಠ ಮಾಡಿಸಿದ್ದಾರೆ ಅಂತ ಜ್ಯೂರಿಗೆ ತೋರಿಸಿದ. ಇಂಗ್ಲಿಷ್ ಸರಿಯಾಗಿ ಬಾರದ ಹುಡುಗಿ ಕೋರ್ಟಿನಲ್ಲಿ ನಿಂತು ಮಾತಾಡೋದು ಅಂದರೆ ಏನು ಅಂತ ಆ ವಕೀಲನಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನ ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. 1914ರಲ್ಲಿ ಸಿವಿಲ್ ದಾವೆಗಳು ರಾಜಿಯಾಗಿ ಒಂದೊಂದು ಜೀವಕ್ಕೆ 75 ಡಾಲರ್ ಕೊಟ್ಟರು. 1913ರಲ್ಲಿ ಹೊಸ ಕಾರ್ಖಾನೇಲೂ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದ ಬ್ಲಾಂಕ್‌ಗೆ 20 ಡಾಲರ್ ದಂಡ.

ಶಾಸನಸಭೆಯ ವಿಷಯಕ್ಕೆ ಬಂದರೆ ನೀನು ಹಿಡಿಯಬೇಕಾದ ಹೆಸರು ಫ್ರಾನ್ಸೆಸ್ ಪರ್ಕಿನ್ಸ್. ಬೆಂಕಿ ದಿನ ಹತ್ತಿರದ ಸ್ನೇಹಿತೆ ಮನೇಲಿದ್ದು, ಗಲಾಟೆ ಕೇಳಿ ಓಡಿಬಂದು, ಹುಡುಗಿಯರು ಮೇಲಿಂದ ಬೀಳೋದನ್ನ ಕಣ್ಣಾರೆ ಕಂಡವಳು. ಸರ್ಕಾರ ಆ ವರ್ಷವೇ ಕಾರ್ಖಾನೆ ತನಿಖಾ ಆಯೋಗ ಮಾಡಿತು. ಅಧ್ಯಕ್ಷ ರಾಬರ್ಟ್ ವಾಗ್ನರ್, ಉಪಾಧ್ಯಕ್ಷ ಆಲ್ ಸ್ಮಿತ್. ಇಬ್ಬರೂ ಟ್ಯಾಮನಿಯ ಶಾಸಕರೇ. ಅವರು ಫೈಲ್ ನೋಡಿ ಸುಮ್ಮನಾಗೋಕೆ ಆಯೋಗದ ಪರ ತನಿಖೆ ಮಾಡ್ತಿದ್ದ ಪರ್ಕಿನ್ಸ್ ಬಿಡಲಿಲ್ಲ. ರಾತ್ರಿ ಪಾಳಿ ಹತ್ತು ಗಂಟೆ ದುಡಿದು ಹಗ್ಗದ ಕಾರ್ಖಾನೆಯಿಂದ ಹೊರಗೆ ಬರೋ ಹೆಂಗಸರನ್ನ ಸ್ಮಿತ್‌ಗೆ ತೋರಿಸಿದಳು. ಇದು ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳೋ ದಾರಿ ಅಂತ ಗೋಡೇಲಿ ಬರೆದಿದ್ದ ಸಣ್ಣ ಕಿಂಡಿಯಿಂದ ವಾಗ್ನರ್‌ನನ್ನೇ ತೂರಿಸಿ, ಹಿಮ ಕಟ್ಟಿದ ಏಣಿ ಹತ್ತಿರಕ್ಕೆ ಕಳಿಸಿದಳು. ನಮ್ಮಲ್ಲಿ ಇನ್ಸ್‌ಪೆಕ್ಟರ್ ಬರೋ ದಿನ ಮೊದಲೇ ಗೊತ್ತಾಗಿ, ದಾರಿಗೆ ಅಡ್ಡ ಇಟ್ಟ ಬಂಡಲ್‌ಗಳು ಮಾಯ ಆಗೋದನ್ನ ನಾನು ಕಂಡಿದ್ದೀನಿ. ಅದಕ್ಕೇ ಆ ಕಿಂಡಿಯ ಪ್ರಸಂಗ ನನಗೆ ಅಷ್ಟು ಇಷ್ಟ.

ಟ್ಯಾಮನಿಯವರ ಮನಸ್ಸು ಕರಗಿತು ಅಂತ ಮಾತ್ರ ಬರೀಬೇಡ, ಅರ್ಧ ಲೆಕ್ಕಾಚಾರವೂ ಇತ್ತು. ನ್ಯೂಯಾರ್ಕ್‌ನ ಈಸ್ಟ್ ಸೈಡ್ ಬಡಾವಣೆಯ ಯಹೂದಿ ಮತಗಳು ಸಮಾಜವಾದಿಗಳ ಕಡೆ ವಾಲ್ತಿದ್ದವು. 1914ರಲ್ಲಿ ಅಲ್ಲಿಂದ ಮೇಯರ್ ಲಂಡನ್ (ಅದು ಅವನ ಹೆಸರೇ) ಅನ್ನೋ ಸಮಾಜವಾದಿ ಸಂಸತ್ತಿಗೆ ಗೆದ್ದೂ ಬಿಟ್ಟ. ಟ್ಯಾಮನಿ ನಾಯಕ ಚಾರ್ಲ್ಸ್ ಮರ್ಫಿಗೆ ಅದು ಮುಂಚೆಯೇ ಕಾಣಿಸ್ತಿತ್ತು. 1912ರಲ್ಲಿ ಹೆಂಗಸರಿಗೆ ವಾರಕ್ಕೆ 54 ಗಂಟೆಯ ಮಸೂದೆ ಬಂದಾಗ, ಹಣ್ಣು ತರಕಾರಿ ಡಬ್ಬಿಗೆ ತುಂಬೋ ಕಾರ್ಖಾನೆಗಳನ್ನ ಬಿಟ್ಟು ಪಾಸ್ ಮಾಡ್ತೀವಿ ಅಂದರು. ಪೂರ್ತಿ ಸಿಕ್ಕದಿದ್ದರೆ ಬೇಡ ಅನ್ನಬೇಕಾ, ಲಕ್ಷಾಂತರ ಹೆಂಗಸರಿಗೆ ಸಿಗೋದನ್ನ ತಗೊಳ್ಳಬೇಕಾ? ಪರ್ಕಿನ್ಸ್ ತಗೊಂಡಳು. ಬಿಗ್ ಟಿಮ್ ಸಲ್ಲಿವನ್ ಅನ್ನೋ ಟ್ಯಾಮನಿ ಮುಖಂಡ, ನನ್ನ ಅಕ್ಕತಂಗಿಯೂ ಚಿಕ್ಕಂದಿನಲ್ಲೇ ದುಡಿಯೋಕೆ ಹೋದವಳು ಅಂತ ಹೇಳಿ, ಊರಿಗೆ ಹೊರಟಿದ್ದವನು ವಾಪಸ್ ಓಡಿಬಂದು ಮತ ಹಾಕಿದ. ಮಾರನೇ ವರ್ಷ ಆ ಬಿಟ್ಟುಹೋದ ಕಾರ್ಖಾನೆಗಳಿಗೂ ಮಿತಿ ಹಾಕಿಸಿದರು. ಆಯೋಗದಿಂದ ಮೂವತ್ತಕ್ಕೂ ಹೆಚ್ಚು ಕಾನೂನು ಬಂದವು. ಕೆಲಸದ ಹೊತ್ತಲ್ಲಿ ಬಾಗಿಲಿಗೆ ಬೀಗ ಇರಬಾರದು, ಬಾಗಿಲು ಹೊರಗಡೆಗೆ ತೆರೀಬೇಕು, ಎತ್ತರದ ಕಾರ್ಖಾನೇಲಿ ತಾನಾಗಿ ನೀರು ಚಿಮ್ಮೋ ಸ್ಪ್ರಿಂಕ್ಲರ್ ಬೇಕು, ಬೆಂಕಿಯ ಡ್ರಿಲ್ ಮಾಡಿಸಬೇಕು. 1933ರಲ್ಲಿ ಪರ್ಕಿನ್ಸ್ ಅಮೆರಿಕದ ಕಾರ್ಮಿಕ ಮಂತ್ರಿ ಆದಳು, ಅಲ್ಲಿನ ಸಂಪುಟದಲ್ಲಿ ಮೊದಲ ಹೆಂಗಸು.

ಜರ್ಸಿ_ಕನ್ನಡತಿ

ನಾನು ನ್ಯೂಜೆರ್ಸಿಯಲ್ಲಿದ್ದೀನಿ. ಆ ಕಟ್ಟಡ ಇನ್ನೂ ಇದೆ, ಈಗ ಬ್ರೌನ್ ಬಿಲ್ಡಿಂಗ್ ಅಂತಾರೆ, ನ್ಯೂಯಾರ್ಕ್ ವಿಶ್ವವಿದ್ಯಾಲಯದ್ದು. 2023ರ ಅಕ್ಟೋಬರ್‌ನಲ್ಲಿ ಅದರ ಗೋಡೆಗೇ ಸ್ಮಾರಕ ಮಾಡಿದ್ದಾರೆ. ಉಕ್ಕಿನ ಪಟ್ಟಿಯಲ್ಲಿ ಸತ್ತವರ ಹೆಸರು ಕೊರೆದಿದ್ದಾರೆ. ಪ್ರತಿ ಮಾರ್ಚ್ 25ಕ್ಕೆ ಜನ ಚಾಕ್‌ಪೀಸ್ ಹಿಡ್ಕೊಂಡು ಸತ್ತವರು ವಾಸ ಇದ್ದ ಮನೆಗಳ ಮುಂದೆ ಅವರ ಹೆಸರು, ವಯಸ್ಸು ಬರೀತಾರೆ. ಗುರುತು ಸಿಗದೆ ಮಣ್ಣು ಮಾಡಿದ್ದ ಆರು ಜನರ ಹೆಸರು ನೂರು ವರ್ಷ ಆದಮೇಲೆ, 2011ರಲ್ಲಿ ಪತ್ತೆಯಾಯ್ತು. ಅಕ್ಕ ಒಮ್ಮೆ ಈ ಕಡೆ ಬಂದರೆ ನಾನೇ ಕರ್ಕೊಂಡು ಹೋಗ್ತೀನಿ.

ಶಿರಾ_ಹುಡುಗ

ಅಕ್ಕ, ಕೊನೇ ಪ್ರಶ್ನೆ. ಈಗಲೂ ಸಂಘಟನೆಯಿಂದ ಇಷ್ಟೆಲ್ಲ ಆಗುತ್ತೆ ಅಂತ ನಿಮಗೆ ನಂಬಿಕೆ ಇದೆಯಾ? ಮತ್ತೆ ಮೂಲ ದಾಖಲೆ ಎಲ್ಲಿ ಓದಲಿ?

ಹೊಲಿಗೆಯಕ್ಕ

ಇದೆ ತಮ್ಮ. 2016ರ ಫೆಬ್ರವರಿಯಲ್ಲಿ ಪಿ.ಎಫ್. ನಿಯಮ ಬದಲಾಯ್ತು. ಮಾಲೀಕರು ಕಟ್ಟಿದ ಪಾಲನ್ನ 58 ವರ್ಷ ಆಗೋತನಕ ತೆಗೆಯೋ ಹಾಗಿಲ್ಲ ಅಂದರು. ಆ ದುಡ್ಡು ನಮಗೆ ಮಗಳ ಮದುವೆ, ಮಗನ ಫೀಸು. ಏಪ್ರಿಲ್‌ನಲ್ಲಿ ಹೊಸೂರು ರಸ್ತೆ, ತುಮಕೂರು ರಸ್ತೆ ತುಂಬ ಗಾರ್ಮೆಂಟ್ಸ್ ಹೆಂಗಸರು ಕೂತರು, ನಾನೂ ಕೂತಿದ್ದೆ. ಲಾಠಿ, ಅಶ್ರುವಾಯು ಎಲ್ಲ ಆಯ್ತು. ಎರಡನೇ ದಿನ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಆದರೆ ಆಮೇಲೆ ಸಂಘಕ್ಕೆ ಸೇರಿ ಅಂತ ಬಾಡಿಗೆ ಮನೆ ಮನೆಗೆ ಹೋದಾಗ ಬಂದವರು ಕಡಿಮೆ, ಅದನ್ನೂ ಹೇಳಬೇಕು. ಕ್ಲಾರಾ, ರೋಸ್ ಮಾಡಿದ ಕೆಲಸದ ಆ ಭಾಗವೇ ಕಷ್ಟ, ನಾವಿನ್ನೂ ಅಲ್ಲೇ ಇದ್ದೀವಿ.

ದಾಖಲೆಗೆ ಕಾರ್ನೆಲ್ ವಿಶ್ವವಿದ್ಯಾಲಯದ ಕೀಲ್ ಸೆಂಟರ್ ಅವರ ಜಾಲತಾಣ ನೋಡು. ಬದುಕಿ ಉಳಿದವರ ಮಾತು, ವಿಚಾರಣೆಯ ಕಡತ, ಫೋಟೋ ಎಲ್ಲ ಅಲ್ಲಿ ಪುಕ್ಕಟೆ ಸಿಗುತ್ತೆ. ಮೊದಲು ಕೇಟ್ ಆಲ್ಟರ್‌ಮನ್ ಸಾಕ್ಷಿ ಓದು, ಆಮೇಲೆ ಉಳಿದದ್ದು. ಸೆಮಿನಾರ್ ಮುಗಿದಮೇಲೆ ಕನ್ನಡದಲ್ಲಿ ಬರೆದದ್ದನ್ನ ಇಲ್ಲಿ ಹಾಕು, ಮಾರ್ಚ್‌ನಲ್ಲಿ ನಮ್ಮ ಹುಡುಗಿಯರಿಗೆ ಓದಿ ಹೇಳ್ತೀನಿ.