ಎರಡು ತಿಳಿನೀಲಿ, ಕೆಂಪು ನೆಲ: ಅಮ್ಮನ ಕೋಣೆಗೆ ಯಾವುದು?

ಮೈಸೂರಿನ ಮಗಳು:
ಅಮ್ಮನ ಕೋಣೆಗೆ ಬಣ್ಣ ಹೊಡೆಸಬೇಕು. ಹಳೇ ಮನೆ, ರೆಡ್ ಆಕ್ಸೈಡ್ ನೆಲ, ಉತ್ತರಕ್ಕೆ ಒಂದೇ ಕಿಟಕಿ. ಶೇಡ್ ಕಾರ್ಡಿನಲ್ಲಿ ಎರಡು ತಿಳಿನೀಲಿ ಉಳಿದಿವೆ. ಒಂದಕ್ಕೆ ಚೂರು ಹಸಿರು ಬೆರೆತ ಹಾಗಿದೆ, ಇನ್ನೊಂದು ನೇರಳೆ ಕಡೆಗೆ ವಾಲುತ್ತೆ. ಅಂಗಡಿಯಲ್ಲಿ ಎರಡೂ ಒಂದೇ ಥರ ಕಂಡಿದ್ದವು. ಅಮ್ಮನಿಗೆ ತವರುಮನೆ ಗೋಡೆಯ ಬಣ್ಣ ಬೇಕಂತೆ, ಸುಣ್ಣಕ್ಕೆ ನೀಲಿ ಪುಡಿ ಹಾಕಿ ಬಳಿದದ್ದು. ಹೋದ ತಿಂಗಳು ಅವರ ಬಲಗಣ್ಣಿನ ಪೊರೆ ತೆಗೆಸಿದೆವು. ಈಗ ಕಾರ್ಡ್ ಹಿಡಿದು ಒಂದೊಂದೇ ಕಣ್ಣು ಮುಚ್ಚಿ, "ಈ ಕಣ್ಣಿಗೆ ನೀಲಿ, ಆ ಕಣ್ಣಿಗೆ ಮಾಸಲು" ಅಂತಾರೆ. ಯಾವುದನ್ನ ನಂಬಲಿ?

ಬಣ್ಣದ ಕೆಲಸದವ:
ಅಕ್ಕಾ, ಕಾರ್ಡ್ ನಂಬಬೇಡಿ. ಎರಡಡಿ ಪ್ಲೈವುಡ್ ತುಂಡು ಎರಡು ತಗೊಂಡು, ಬಿಳಿ ಪ್ರೈಮರ್ ಮೇಲೆ ಎರಡೆರಡು ಕೋಟ್ ಹೊಡೀರಿ, ಅಂಚು ಬಿಳಿ ಬಿಡಿ. ಪೂರ್ತಿ ಒಣಗಿದ ಮೇಲೆ ನೋಡಿ. ಗೋಡೆ ಈಗ ಹಳದಿ ಇದ್ದರೆ ಪಕ್ಕದ ನೀಲಿ ಇನ್ನೂ ಗಾಢವಾಗಿ ಕಾಣುತ್ತೆ, ಅದಕ್ಕೇ ಬಿಳಿ ಅಂಚು. ನೀಲಿ ಪುಡಿ ಬಣ್ಣ ನೇರಳೆ ಕಡೆಯದ್ದೇ, ನಿಜ. ಆದರೆ ನಿಮ್ಮ ನೆಲದ ಕೆಂಪು ಗೋಡೆಯ ಕೆಳಭಾಗಕ್ಕೆ ಹೊಡೆಯುತ್ತೆ. ಹಲಗೆಯನ್ನ ಮಂಚದ ಎತ್ತರಕ್ಕೂ ಇಳಿಸಿ ನೋಡಿ. ರಾತ್ರಿ ಅವರು ಹಾಕೋ ಲೈಟಲ್ಲೂ ನೋಡಿ. 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹಳದಿ ಬಲ್ಬಿಗೆ ನೀಲಿ ಮಂಕಾಗುತ್ತೆ, 6500ರ ಬಿಳಿ ಟ್ಯೂಬಿಗೆ ಎದ್ದು ಕಾಣುತ್ತೆ.

ಕಣ್ಣಾಸ್ಪತ್ರೆ ನರ್ಸ್:
ನಿಮ್ಮ ಅಮ್ಮ ಹೇಳಿದ್ದು ಸರಿಯಾಗೇ ಇದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನ ತಡೆಯುತ್ತೆ. ಅದನ್ನ ತೆಗೆದು ಹೊಸ ಲೆನ್ಸ್ ಹಾಕಿದ ಕಣ್ಣಿಗೆ ನೀಲಿ ಒಮ್ಮೆಲೇ ತೆರೆದುಕೊಳ್ಳುತ್ತೆ. ಆಪರೇಷನ್ ಆದ ಎಷ್ಟೋ ಅಜ್ಜಿಯರು ಬ್ಯಾಂಡೇಜ್ ಬಿಚ್ಚಿದ ಕೂಡಲೇ ನಮ್ಮ ಸೀರೆಯ ಬಣ್ಣ ಹೊಗಳೋದು ಕೇಳಿದ್ದೀನಿ. ಎಡಗಣ್ಣಿನದೂ ಇದ್ದರೆ, ಅಲ್ಲಿವರೆಗೂ ಬಣ್ಣ ಹೊಡೆಸಬೇಡಿ.

ಮೈಸೂರಿನ ಮಗಳು:
ಹಲಗೆಗಳನ್ನ ನಾಲ್ಕು ದಿನ ಇಟ್ಟೆವು. ನೇರಳೆ ಕಡೆಯದ್ದು ಕಿಟಕಿ ಹತ್ತಿರ ಚೆನ್ನಾಗಿತ್ತು. ಮಂಚದ ಎತ್ತರಕ್ಕೆ ಇಳಿಸಿದರೆ ನೆಲದ ಕೆಂಪು ಹತ್ತಿ ಕತ್ತರಿಸಿಟ್ಟ ಬದನೆಕಾಯಿ ಸಿಪ್ಪೆ ನೆನಪಾಯ್ತು. ಹಸಿರು ಬೆರೆತದ್ದು ಅದೇ ಜಾಗದಲ್ಲಿ ಹಸಿರು ಕಳಕೊಂಡು ತಣ್ಣನೆ ನೀಲಿಯಾಗಿ ನಿಂತಿತು. ಅಮ್ಮ ಎಡಗಣ್ಣು ಮುಚ್ಚಿಕೊಂಡು ಹಲಗೆ ಸವರಿ, "ಇದೇ ನೋಡೇ, ನಮ್ಮ ಹಜಾರದ್ದು" ಅಂದರು. ಆಮೇಲೆ ಅವರೇ, "ಇನ್ನೊಂದು ಕಣ್ಣಿನದೂ ಆಗಲಿ, ಎರಡರಲ್ಲೂ ನೋಡಿ ಹೇಳ್ತೀನಿ" ಅಂದರು. ಪೇಂಟರಿಗೆ ಮುಂದಿನ ತಿಂಗಳು ಬನ್ನಿ ಅಂದಿದ್ದೀನಿ.